ಜುಲೈ 1 ಬಂತು: ಸುದ್ದಿ ರಾಜರ ಕಿವಿಯಿಂದ ನಮ್ಮ ಕೈಗೆ ಬಂದ ಬಗೆ

ಕಡಲತೀರದ ಓದುಗ | ಜುಲೈ 1, ಬೆಳಿಗ್ಗೆ 7:10

ಎಲ್ಲರಿಗೂ ಪತ್ರಿಕಾ ದಿನದ ಶುಭಾಶಯಗಳು. ಪ್ರತಿ ವರ್ಷ ಈ ದಿನ ಹಾರ, ಶಾಲು, ಭಾಷಣ ಎಲ್ಲ ಆಗುತ್ತದೆ. ಆದರೆ ಜುಲೈ 1ನ್ನೇ ಯಾಕೆ ಆರಿಸಿಕೊಂಡರು ಅಂತ ಕೇಳಿದರೆ ನಮ್ಮ ಮನೆಯ ಹುಡುಗರಿಗೇ ಗೊತ್ತಿರಲಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ. ಗೊತ್ತಿರುವವರು ಸೇರಿಸಿ, ತಪ್ಪಿದ್ದರೆ ತಿದ್ದಿ.

1843ರ ಜುಲೈ 1ರಂದು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರಬಂತು. ಕನ್ನಡದ ಮೊದಲ ಪತ್ರಿಕೆ ಅದು. ತಂದವರು ಬಾಸೆಲ್ ಮಿಶನ್ ಅನ್ನೋ ಕ್ರೈಸ್ತ ಮತಪ್ರಚಾರ ಸಂಸ್ಥೆಯ ಹರ್ಮನ್ ಮೋಗ್ಲಿಂಗ್. ಜರ್ಮನಿಯವರು, 1836ರಲ್ಲಿ ಇಲ್ಲಿಗೆ ಬಂದವರು. ಪತ್ರಿಕೆ ತಂದಾಗ ಅವರಿಗೆ 32 ವರ್ಷ. ಹದಿನೈದು ದಿನಕ್ಕೊಂದು ಸಂಚಿಕೆ, ನಾಲ್ಕು ಪುಟ, ಕ್ರಯ ಒಂದು ದುಡ್ಡು. ದುಡ್ಡು ಅಂದರೆ ಆಗ ಒಂದು ತಾಮ್ರದ ನಾಣ್ಯದ ಹೆಸರು. ಈಗ ಹಣಕ್ಕೆಲ್ಲ ದುಡ್ಡು ಅಂತೀವಿ. ಆಗ ಅದು ಕೈಯಲ್ಲಿ ಹಿಡಿಯುವ ಒಂದೇ ಒಂದು ಚಿಕ್ಕ ಕಾಸು.

ಅದನ್ನು ಅಚ್ಚು ಹಾಕಿದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚು ಅಂದರೆ ಕಲ್ಲಿನಲ್ಲಿ ಅಕ್ಷರ ಕೆತ್ತೋದು ಅಂತ ನಾನು ಬಹಳ ವರ್ಷ ತಿಳಿದಿದ್ದೆ. ಹಾಗಲ್ಲ. ಒಂದು ಚಿತ್ರಕಲಾ ಶಾಲೆಯಲ್ಲಿ ಅದನ್ನು ಮಾಡಿ ತೋರಿಸಿದಾಗ ಹತ್ತಿರ ನಿಂತು ನೋಡಿದ್ದೇನೆ. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಚಪ್ಪಡಿ. ಅದರ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆದಿರುತ್ತಾರೆ. ಒದ್ದೆ ಸ್ಪಂಜಿನಿಂದ ಇಡೀ ಕಲ್ಲನ್ನು ಒರೆಸಿದರೆ ಬರೆಯದ ಜಾಗವೆಲ್ಲ ನೀರು ಹೀರುತ್ತದೆ. ಬರೆದ ಕಡೆ ಮಾತ್ರ ನೀರು ನಿಲ್ಲಲ್ಲ. ಆಮೇಲೆ ಮಸಿಯ ಉರುಳೆ ಹೊಡೆದರೆ ಮಸಿ ಅಕ್ಷರಕ್ಕೆ ಮಾತ್ರ ಹಿಡಿಯುತ್ತದೆ, ಒದ್ದೆ ಜಾಗ ಬೆಳ್ಳಗೇ ಉಳಿಯುತ್ತದೆ. ಕಾಗದ ಇಟ್ಟು ಒತ್ತಿ ತೆಗೆದಾಗ ಅಲ್ಲಿದ್ದ ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ಎಣ್ಣೆ ನೀರು ಸೇರಲ್ಲ, ಇಡೀ ವಿದ್ಯೆ ಅಷ್ಟೇ. ಒಂದು ಪ್ರತಿ ಆದ ಮೇಲೆ ಮತ್ತೆ ಒರೆಸಬೇಕು, ಮತ್ತೆ ಉರುಳೆ, ಮತ್ತೆ ಕಾಗದ. ನಾಲ್ಕು ಪುಟದ ಪತ್ರಿಕೆಯನ್ನು ಹೀಗೆ ಒಂದೊಂದೇ ತೆಗೆದವರ ತೋಳು ಎಷ್ಟು ನೊಂದಿರಬೇಕು!

ಹಾಗಾಗಿ ಮೊದಲ ಕನ್ನಡ ಪತ್ರಿಕೆ ಯಾರದೋ ಕೈಬರಹದಲ್ಲೇ ಓದುಗರಿಗೆ ಸಿಕ್ಕಿತು. ನನಗೆ ಅದು ಬಹಳ ಇಷ್ಟವಾದ ಸಂಗತಿ.

ಒಳಗೆ ಏನಿರುತ್ತಿತ್ತು? ಊರಿನ ವರ್ತಮಾನ, ಸರಕಾರದ ನಿರೂಪಗಳು (ಅಂದರೆ ಆಜ್ಞೆಗಳು), ಬೇರೆ ರಾಜ್ಯಗಳ ಸುದ್ದಿ, ಆಶ್ಚರ್ಯದ ಸುದ್ದಿ, ಬುದ್ಧಿಮಾತು, ಕಥೆ, ಜೊತೆಗೆ ಪುರಂದರದಾಸರ ಹಾಡು. ಇವತ್ತಿನ ಪತ್ರಿಕೆ ಬಿಡಿಸಿ ನೋಡಿ, ಪುಟಗಳ ಹಂಚಿಕೆ ಹೆಚ್ಚುಕಡಿಮೆ ಹೀಗೇ ಇದೆ.

ನನಗೆ ಅನ್ನಿಸುವ ಒಂದು ಮಾತು ಹೇಳಿ ನಿಮಗೆ ಬಿಡುತ್ತೇನೆ. ನಮ್ಮಲ್ಲಿ ಸುದ್ದಿ ಇರಲಿಲ್ಲ ಅಂತಲ್ಲ. ಚಿಕ್ಕದೇವರಾಜ ಒಡೆಯರು 1672ರಲ್ಲೇ ಮೈಸೂರು ಅಂಚೆ ಶುರು ಮಾಡಿದ್ದರು. ಅಂಚೆಯವರು ಬರೀ ಓಲೆ ಸಾಗಿಸುತ್ತಿರಲಿಲ್ಲ, ಊರೂರಲ್ಲಿ ಏನು ನಡೆಯುತ್ತಿದೆ ಅಂತ ಅರಮನೆಗೆ ತಿಳಿಸುವುದೂ ಅವರ ಕೆಲಸವೇ ಆಗಿತ್ತು. ಹರಿಕಾರರು ಓಡುತ್ತಿದ್ದದ್ದೂ ಅದಕ್ಕೇ. ಅಂದರೆ ಸುದ್ದಿ ಕೆಳಗಿನಿಂದ ಮೇಲೆ ಹೋಗುತ್ತಿತ್ತು. ಮೇಲಿನಿಂದ ಕೆಳಗೆ ಬರುತ್ತಿದ್ದದ್ದು ಡಂಗುರ ಮಾತ್ರ. ಅದರಲ್ಲಿ ಅಪ್ಪಣೆ ಇರುತ್ತಿತ್ತು, ಸುದ್ದಿ ಇರುತ್ತಿರಲಿಲ್ಲ. ಒಂದು ದುಡ್ಡು ಕೊಟ್ಟ ಯಾರು ಬೇಕಾದರೂ ಸುದ್ದಿ ಓದಬಹುದು ಅಂತ ಆದದ್ದು 1843ರಲ್ಲಿ. ಪತ್ರಿಕೆ ಹುಟ್ಟಿತು ಅಂತ ನಾನು ಹೇಳೋದು ಅದಕ್ಕೇ.

---

ಗಣಿನಾಡಿನವ | ಬೆಳಿಗ್ಗೆ 8:02

ಬಳ್ಳಾರಿಯನ್ನು ಬಿಟ್ಟುಬಿಟ್ಟಿರಲ್ಲ ಸರ್. 1844ರಲ್ಲಿ ಅದೇ ಪತ್ರಿಕೆ ನಮ್ಮೂರಿಗೆ ಬಂತು. ಇಲ್ಲಿ ಮೊಳೆಗಳಿದ್ದ, ಅಂದರೆ ಲೋಹದ ಬಿಡಿ ಅಚ್ಚಕ್ಷರಗಳಿದ್ದ ಅಚ್ಚುಕೂಟ ಇತ್ತು. ಹೆಸರೂ ‘ಕನ್ನಡ ಸಮಾಚಾರ’ ಅಂತ ಬದಲಾಯಿತು.

ನನಗೆ ಮುಖ್ಯ ಅನ್ನಿಸೋದು ಆ ಹೆಸರು. ಮಂಗಳೂರ ಅನ್ನೋದು ಹೋಗಿ ಕನ್ನಡ ಅನ್ನೋದು ಬಂತು. ಆಗ ಮಂಗಳೂರು, ಬಳ್ಳಾರಿ ಎರಡೂ ಮದರಾಸು ಪ್ರಾಂತ್ಯದಲ್ಲಿ, ಧಾರವಾಡ ಬೊಂಬಾಯಿಯಲ್ಲಿ, ಮೈಸೂರು ಬೇರೆ. ಕನ್ನಡದ ಸೀಮೆಗಳೆಲ್ಲ ಸೇರಿ ಒಂದು ರಾಜ್ಯ ಆಗೋಕೆ ಇನ್ನೂ 112 ವರ್ಷ ಬಾಕಿ. ಒಂದು ಹಾಳೆ ಮಾತ್ರ ಅಷ್ಟು ಮೊದಲೇ ತನ್ನ ಹೆಸರಿನಲ್ಲಿ ಊರು ಬಿಟ್ಟು ಭಾಷೆ ಹಿಡಿಯಿತು.

---

ತುಂಗೆಯ ದಡ | ಬೆಳಿಗ್ಗೆ 8:40

ಒಂದು ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ಮೋಗ್ಲಿಂಗ್ ಪಾದ್ರಿ ಅಲ್ವಾ? ಅವರು ಬಂದದ್ದೇ ಮತಪ್ರಚಾರಕ್ಕೆ. ಹಾಗಿರುವಾಗ ಅದನ್ನು ಪತ್ರಿಕೆ ಅನ್ನಬೇಕೋ, ಪ್ರಚಾರದ ಹಾಳೆ ಅನ್ನಬೇಕೋ? ನಾವು ಅದರ ಹುಟ್ಟುಹಬ್ಬವನ್ನೇ ಪತ್ರಿಕಾ ದಿನ ಅಂತ ಮಾಡೋದು ಸರೀನಾ?

---

ಕಡಲತೀರದ ಓದುಗ | ಬೆಳಿಗ್ಗೆ 9:15

ಬೇಜಾರು ಯಾಕೆ, ಕೇಳಲೇಬೇಕಾದ ಪ್ರಶ್ನೆ. ಹೌದು, ಅವರು ಪಾದ್ರಿ. ಅದನ್ನು ಅವರು ಮುಚ್ಚಿಡಲಿಲ್ಲ, ನಾವೂ ಮುಚ್ಚಿಡಬಾರದು. ಮಿಶನ್ನಿನ ದುಡ್ಡು, ಮಿಶನ್ನಿನ ಅಚ್ಚುಕೂಟ, ಬುದ್ಧಿಮಾತಿನ ಜಾಗದಲ್ಲಿ ಅವರ ಧರ್ಮದ ಮಾತು ಬರೋದು ಸಹಜ.

ಆದರೆ ಅದೇ ಮನುಷ್ಯ 1848ರಿಂದ ಮುಂದೆ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಓಲೆಗರಿಗಳಿಂದ ಸಂಗ್ರಹಿಸಿ ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. ಬರೀ ಮತಪ್ರಚಾರವೇ ಗುರಿಯಾಗಿದ್ದರೆ ಬಸವ ಪುರಾಣ ಯಾಕೆ ಬೇಕಿತ್ತು? ಕನ್ನಡ ಕಲಿಯಲು ಹೋಗಿ ಕನ್ನಡಕ್ಕೇ ಒಲಿದುಬಿಟ್ಟರು ಅಂತ ನನ್ನ ತಿಳಿವು.

ಇನ್ನೊಂದು ವಿಷಯ. ಪತ್ರಿಕೆ ಬರುವುದಕ್ಕೆ ಆರೇ ವರ್ಷ ಮೊದಲು, 1837ರ ಏಪ್ರಿಲ್‌ನಲ್ಲಿ, ಸುಳ್ಯದ ಕಡೆಯಿಂದ ಎದ್ದ ರೈತರು ಮಂಗಳೂರನ್ನೇ ಹಿಡಿದಿದ್ದರು. ಆ ದಂಗೆಯ ಮುಂದಾಳು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ನಿರೂಪಗಳು ಊರೂರು ತಿರುಗಿದ್ದವು. ಕಂಪನಿ ಸರಕಾರ ಒಂದು ಹೇಳುತ್ತಿತ್ತು, ಸಂತೆಯಲ್ಲಿ ಇನ್ನೊಂದು ಸುದ್ದಿ. ಯಾವುದು ನಿಜ ಅಂತ ಸಾಮಾನ್ಯ ಜನಕ್ಕೆ ತಿಳಿಯೋದು ಹೇಗೆ? ಅದನ್ನೆಲ್ಲ ಕಂಡಿದ್ದ ಊರಿನಲ್ಲಿ ‘ಊರಿನ ವರ್ತಮಾನ’ ಅಂತ ಒಂದು ತಲೆಬರಹ ಹಾಕಿ ಕಾಗದ ಮಾರಿದರೆ ಜನ ಹೇಗೆ ಕೊಂಡಿರಬಹುದು, ನೀವೇ ಯೋಚಿಸಿ.

---

ನೆಕ್ಕರ್ ನದಿಯ ಕನ್ನಡಿಗ | ಬೆಳಿಗ್ಗೆ 10:30

ನಾನಿರೋದು ಜರ್ಮನಿಯಲ್ಲಿ, ಮೋಗ್ಲಿಂಗ್ ಹುಟ್ಟಿದ ಬ್ರಾಕನ್‌ಹೈಮ್ ಇಲ್ಲಿಂದ ಜಾಸ್ತಿ ದೂರ ಇಲ್ಲ. ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, ಕನ್ನಡದ ಕೆಲಸಕ್ಕೆ. ಅದನ್ನು ಓದಿದ ದಿನ ಸಂಜೆ ಅದೇ ಬೀದಿಗಳಲ್ಲಿ ಸುಮ್ನೆ ಒಂದು ಸುತ್ತು ಹಾಕಿ ಬಂದೆ.

ಸುದ್ದಿ ಮೇಲೆ ಹೋಗೋದು, ಕೆಳಗೆ ಬರೋದು ಅಂತ ಸರ್ ಹೇಳಿದ ಮಾತಿಗೆ ಇಲ್ಲಿಂದ ಒಂದು ಉದಾಹರಣೆ. ಅಚ್ಚಿನ ಮೊದಲ ಸುದ್ದಿಪತ್ರಿಕೆ ಅಂತ ಬಹಳ ಜನ ಒಪ್ಪೋದು ಸ್ಟ್ರಾಸ್‌ಬರ್ಗಿನ ‘ರಿಲೇಶನ್’. 1605ರದು. ಆ ಊರು ಈಗ ಫ್ರಾನ್ಸಿನಲ್ಲಿದೆ, ಆಗ ಪವಿತ್ರ ರೋಮನ್ ಸಾಮ್ರಾಜ್ಯದ ಜರ್ಮನ್ ಊರು. ಅದನ್ನು ತಂದ ಯೋಹಾನ್ ಕರೋಲುಸ್ ಅದಕ್ಕೆ ಮುಂಚೆ ಏನು ಮಾಡುತ್ತಿದ್ದ ಗೊತ್ತಾ? ಬೇರೆ ಬೇರೆ ಊರುಗಳಿಂದ ಅಂಚೆಯಲ್ಲಿ ಸುದ್ದಿ ತರಿಸಿ, ಅದನ್ನು ಕೈಯಲ್ಲಿ ಪ್ರತಿ ಮಾಡಿಸಿ, ಸಾಹುಕಾರರಿಗೆ ಚಂದಾ ಲೆಕ್ಕದಲ್ಲಿ ಕೊಡುತ್ತಿದ್ದ. ಕೈಯಲ್ಲಿ ಬರೆಸೋಕೆ ಹೊತ್ತು ಸಾಲದು. ಹಾಗಾಗಿ ಒಂದು ಅಚ್ಚುಕೂಟ ಕೊಂಡ, ಅಚ್ಚು ಹಾಕತೊಡಗಿದ. ಬೇರೆಯವರು ನಕಲು ಮಾಡದ ಹಾಗೆ ರಕ್ಷಣೆ ಕೊಡಿ ಅಂತ ನಗರಸಭೆಗೆ ಅರ್ಜಿಯನ್ನೂ ಹಾಕಿದ. ಆ ಅರ್ಜಿ ಉಳಿದಿದ್ದರಿಂದಲೇ ನಮಗೆ ಈ ವರ್ಷ ಗೊತ್ತಾಗಿದೆ.

ಅಲ್ಲೂ ಸುದ್ದಿ ಮೊದಲು ದೊಡ್ಡವರ ಮನೆಗೇ ಹೋಗುತ್ತಿತ್ತು. ಅಚ್ಚು ಬಂದ ಮೇಲೆ ಬೀದಿಗೆ ಬಂತು.

---

ಹೂಗ್ಲಿ ಮೇಲ್ | ಬೆಳಿಗ್ಗೆ 11:05

ಭಾರತದ ಲೆಕ್ಕ ಹಿಡಿದರೆ ಕೋಲ್ಕತ್ತ ಮೊದಲು. 1780ರ ಜನವರಿ 29ರಂದು ಜೇಮ್ಸ್ ಆಗಸ್ಟಸ್ ಹಿಕ್ಕಿ ‘ಬೆಂಗಾಲ್ ಗೆಜೆಟ್’ ತಂದ. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮೇಲೇ ಬರೆದ, ಜೈಲಿಗೆ ಹೋದ, ಜೈಲಿನಿಂದಲೂ ಪತ್ರಿಕೆ ನಡೆಸಿದ. 1782ರಲ್ಲಿ ಅವನ ಮೊಳೆಗಳನ್ನೇ ಜಪ್ತಿ ಮಾಡಿದರು, ಅಲ್ಲಿಗೆ ಮುಗಿಯಿತು. ಇಂಗ್ಲಿಷಿನಲ್ಲಿ ಬರೆದದ್ದು, ಇಂಗ್ಲಿಷರಿಗಾಗಿ. ಹಾಗಿದ್ದೂ ಕಂಪನಿಯವರು ಅವನನ್ನು ಎರಡೇ ವರ್ಷ ತಡೆದುಕೊಂಡರು. ದೇಶಭಾಷೆಗಳ ಸಾಲು ಆಮೇಲೆ: ಬಂಗಾಳಿಯಲ್ಲಿ ಸೆರಾಂಪುರದ ‘ಸಮಾಚಾರ ದರ್ಪಣ’ 1818, ಗುಜರಾತಿಯಲ್ಲಿ ‘ಬಾಂಬೆ ಸಮಾಚಾರ’ 1822.

---

ಚಾಮುಂಡಿ ಬೆಟ್ಟದ ಕೆಳಗೆ | ಮಧ್ಯಾಹ್ನ 12:20

ಹಿಕ್ಕಿ ಕಥೆ ಓದಿದಾಗ ನಮ್ಮ ತಾತಯ್ಯನವರು ನೆನಪಾದರು. ಎಂ. ವೆಂಕಟಕೃಷ್ಣಯ್ಯನವರು (1844–1933). ಮೈಸೂರಿನಲ್ಲಿ ಎಲ್ಲರೂ ತಾತಯ್ಯ ಅಂತಲೇ ಕರೆಯೋದು. ಮರಿಮಲ್ಲಪ್ಪ ಶಾಲೆಯ ಮೇಷ್ಟ್ರು, ಅನಾಥಾಲಯ ಕಟ್ಟಿದವರು, ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ ಪತ್ರಿಕೆಗಳನ್ನು ನಡೆಸಿದವರು. ಮೈಸೂರಲ್ಲಿ ಅವರಿಗಿಂತ ಮುಂಚೆ 1859ರಲ್ಲೇ ಭಾಷ್ಯಂ ಭಾಷ್ಯಾಚಾರ್ಯರ ‘ಮೈಸೂರು ವೃತ್ತಾಂತ ಬೋಧಿನಿ’ ಬಂದಿತ್ತು. ಆದರೆ ಸರಕಾರಕ್ಕೆ ಎದುರು ನಿಂತು ಪ್ರಶ್ನೆ ಕೇಳುವ ಪತ್ರಿಕೆ ಅಂದರೆ ಹೇಗಿರಬೇಕು ಅಂತ ತೋರಿಸಿದವರು ತಾತಯ್ಯ.

ಕಡಲತೀರದವರು ಸುದ್ದಿ ಮೇಲಿನಿಂದ ಕೆಳಗೆ ಬಂತು ಅಂದರು. ಬಂದದ್ದನ್ನು ಮತ್ತೆ ಕಿತ್ತುಕೊಳ್ಳೋ ಪ್ರಯತ್ನವೂ ನಡೆಯಿತು. 1908ರಲ್ಲಿ ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ ಮೈಸೂರು ಸಂಸ್ಥಾನ ಪತ್ರಿಕಾ ಕಾಯಿದೆ ತಂದಿತು. ಪತ್ರಿಕೆ ನಡೆಸಬೇಕಾದರೆ ಸರಕಾರದ ಅಪ್ಪಣೆ ಬೇಕು. ಕೊಟ್ಟ ಅಪ್ಪಣೆಯನ್ನು ಸರಕಾರ ವಾಪಸ್ ಪಡೆಯಬಹುದು. ತಾತಯ್ಯ ಏನು ಮಾಡಿದರು? ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲಲಿಲ್ಲ. ತಮ್ಮ ಪತ್ರಿಕೆಗಳನ್ನು ತಾವೇ ನಿಲ್ಲಿಸಿಬಿಟ್ಟರು. ಆಗ ಅವರಿಗೆ ಅರವತ್ತು ದಾಟಿತ್ತು. ಕೂಸಿನ ಹಾಗೆ ಸಾಕಿದ್ದನ್ನು ತಾವೇ ನಿಲ್ಲಿಸೋದು ಸುಲಭದ ಮಾತಲ್ಲ. ಅದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ ನನಗೆ.

---

ಮೊಳೆ ಮಾಸ್ತರ | ಮಧ್ಯಾಹ್ನ 2:45

ನಾನು 1971ರಿಂದ ಹುಬ್ಬಳ್ಳಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಕಂಪೋಸಿಟರ್, ಅಂದರೆ ಮೊಳೆ ಜೋಡಿಸುವವನು ಆಗಿದ್ದವನು. ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ಕಲ್ಲಚ್ಚಿನ ವಿಷಯ ಬಂದಿದ್ದರಿಂದ ಮೊಳೆ ಅಚ್ಚಿನ ವಿಷಯವನ್ನೂ ಯಾರಾದರೂ ಹೇಳಬೇಕು ಅನ್ನಿಸಿತು.

ಇಂಗ್ಲಿಷ್ ಕಂಪೋಸಿಟರನಿಗೆ ಸಣ್ಣ ಅಕ್ಷರ 26, ದೊಡ್ಡದು 26, ಅಂಕಿ, ಚಿಹ್ನೆ, ಮುಗೀತು. ನಮ್ಮ ಕೇಸ್ (ಮೊಳೆ ಇಡುವ ಪೆಟ್ಟಿಗೆ) ಮುಂದೆ ನಿಂತರೆ ಎಡಕ್ಕೆ ಬಲಕ್ಕೆ ತುಂಬಾ ಮನೆಗಳು. ತಲಕಟ್ಟಿನ ಅಕ್ಷರ ಬೇರೆ, ಗುಡಿಸಿನದು ಬೇರೆ, ಕೊಂಬು ಬೇರೆ, ಒತ್ತು ಬೇರೆ. ‘ರಾಷ್ಟ್ರ’ ಅಂತ ಒಂದು ಪದ ಬಂದರೆ ಷ, ಅದರ ಕೆಳಗೆ ಟ ಒತ್ತು, ರ ಒತ್ತು. ಕೈ ಮೂರು ನಾಲ್ಕು ಕಡೆ ಹೋಗಿ ಬರಬೇಕು. ಮೊಳೆಯ ಮುಖ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ, ಅದನ್ನು ಕೈಯಲ್ಲಿ ಹಿಡಿಯುವ ಸ್ಟಿಕ್ಕಿನಲ್ಲಿ (ಸಾಲು ಜೋಡಿಸುವ ತಟ್ಟೆ) ತಲೆಕೆಳಗಾಗಿ ಜೋಡಿಸಬೇಕು. ಮೊದಲ ಆರು ತಿಂಗಳು ನನಗೆ ಕನಸಿನಲ್ಲೂ ಅಕ್ಷರಗಳು ತಲೆಕೆಳಗೇ ಕಾಣುತ್ತಿದ್ದವು. ಆಮೇಲೆ ನೇರ ಓದೋದಕ್ಕಿಂತ ಅದೇ ಸಲೀಸಾಯಿತು.

ಒಂದು ಸಲ ರಾತ್ರಿ ವಾರಪತ್ರಿಕೆಯ ಎರಡು ಪುಟ ಕಟ್ಟಿ ಮುಗಿಸಿ ಮೆಷಿನ್ನಿಗೆ ಒಯ್ಯುವಾಗ ಕಟ್ಟು ಸಡಿಲಾಗಿ ಇಡೀ ಪುಟ ನೆಲಕ್ಕೆ ಚೆಲ್ಲಿತು. ಸಾವಿರಾರು ಮೊಳೆ. ಸರಿಯಾಗಿ ಬಿಗಿ ಮಾಡದ್ದು ನನ್ನದೇ ತಪ್ಪು. ಮಾಲೀಕರು ಬೈಯಲಿಲ್ಲ. ಪಂಚೆ ಎತ್ತಿ ಕಟ್ಟಿ ನಮ್ಮ ಜೊತೆ ನೆಲದ ಮೇಲೆ ಕೂತು ಮೊಳೆ ಆರಿಸಿದರು. ಬೆಳಗಿನ ಬಸ್ಸಿಗೆ ಪತ್ರಿಕೆಯ ಕಟ್ಟು ಹೋಯಿತು. ನಾಲ್ಕಾಣೆಯ ಆ ಹಾಳೆಗೆ ಕಾಯುವ ಜನ ಇದ್ದಾರೆ ಅಂತ ನಮಗೆಲ್ಲ ಗೊತ್ತಿತ್ತು. ಎಲ್ಲೂ ನಮ್ಮ ಹೆಸರು ಇರುತ್ತಿರಲಿಲ್ಲ. ಪತ್ರಿಕೆಯ ಇತಿಹಾಸ ಹೇಳುವಾಗ ಸಂಪಾದಕರ ಜೊತೆ ಕಂಪೋಸಿಟರ್, ಕಾಲಿನಿಂದ ನಡೆಸುವ ಅಚ್ಚಿನ ಯಂತ್ರ ಟ್ರೆಡಲ್ ತುಳಿಯುವವನು, ಕಟ್ಟು ಹೊರುವವನು, ಇವರನ್ನೂ ನೆನೆಯಿರಿ ಅಂತ ನನ್ನ ವಿನಂತಿ.

---

ಕಡಲತೀರದ ಓದುಗ | ಮಧ್ಯಾಹ್ನ 3:10

ಮಾಸ್ತರರೇ, ನಮಸ್ಕಾರ. ನಾನು ಮೋಗ್ಲಿಂಗ್ ಅವರ ಬಗ್ಗೆ ಅಷ್ಟು ಬರೆದೆ. ಆ ಕಲ್ಲನ್ನು ಒರೆಸಿದವರು, ಮಸಿ ಉರುಳೆ ಹೊಡೆದವರು ಯಾರು ಅಂತ ಒಂದು ಸಾಲೂ ಬರೆಯಲಿಲ್ಲ. ನೀವು ಹೇಳಿದ್ದು ಮನಸ್ಸಿಗೆ ತಟ್ಟಿತು. ನಿಮ್ಮ ಮಗಳಿಗೂ ಥ್ಯಾಂಕ್ಸ್ ಹೇಳಿ.

---

ಸಾಧನಕೇರಿ ಸಂಜೆ | ಸಂಜೆ 5:00

ನಮ್ಮ ಧಾರವಾಡದ್ದು ಬೇರೆ ಕಷ್ಟ. ಇಲ್ಲಿ ಆಗ ಸುದ್ದಿಗಿಂತ ಮೊದಲು ಭಾಷೆಯನ್ನೇ ಉಳಿಸಿಕೊಳ್ಳಬೇಕಿತ್ತು. ಬೊಂಬಾಯಿ ಪ್ರಾಂತ್ಯದಲ್ಲಿ ಕಚೇರಿ, ಶಾಲೆ ಎಲ್ಲೆಡೆ ಮರಾಠಿಯದ್ದೇ ಜೋರು. 1890ರಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು, 1896ರಲ್ಲಿ ಸಂಘದ ‘ವಾಗ್ಭೂಷಣ’ ಬಂತು. ಆಲೂರು ವೆಂಕಟರಾಯರು ಅದನ್ನು ನೋಡಿಕೊಂಡರು. ಮುಂದೆ 1922ರಲ್ಲಿ ‘ಜಯಕರ್ನಾಟಕ’ವನ್ನು ತಾವೇ ಶುರು ಮಾಡಿದರು. ಅದಕ್ಕೆ ಒಂದು ವರ್ಷ ಮುಂಚೆ ಆರ್.ಆರ್. ದಿವಾಕರರ ‘ಕರ್ಮವೀರ’. ಏಕೀಕರಣದ ಮಾತು ಹಳ್ಳಿಗಳಿಗೆ ಮುಟ್ಟಿದ್ದು ಇಂಥ ಹಾಳೆಗಳಿಂದ. ಒಬ್ಬ ಓದೋದು, ಹತ್ತು ಜನ ಸುತ್ತ ಕೂತು ಕೇಳೋದು. ನನ್ನ ಅಜ್ಜಿ ಓದು ಬರಹ ಬಾರದವಳು. ಆದರೂ “ಪೇಪರಿನಾಗ ಏನ ಬಂದೈತಿ?” ಅಂತ ದಿನಾ ಕೇಳೋಳು.

---

ಕಪಿಲೆ | ಸಂಜೆ 6:35

ಅಜ್ಜಿಯ ಮಾತು ಬಂತಲ್ಲ, ನಾನು ಬರೆಯಬೇಕು ಅಂತಿದ್ದದ್ದೂ ಅದೇ. ಬೆಳಿಗ್ಗೆಯಿಂದ ಎಲ್ಲರ ಹೆಸರೂ ಗಂಡಸರದೇ.

ನಂಜನಗೂಡು ತಿರುಮಲಾಂಬ. 1887ರಲ್ಲಿ ಹುಟ್ಟಿದವರು. ಬಾಲ್ಯವಿವಾಹ, ಹದಿನಾಲ್ಕಕ್ಕೇ ವಿಧವೆ. ಆ ಕಾಲದಲ್ಲಿ ಅಂಥ ಹುಡುಗಿಗೆ ಮನೆಯ ಒಂದು ಮೂಲೆಯೇ ಗತಿ. ಅವರ ತಂದೆ ಪುಸ್ತಕ ಕೊಟ್ಟರು, ಓದೋಕೆ ಬಿಟ್ಟರು. 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ, ಕೆಲವು ವರ್ಷದಲ್ಲೇ ‘ಕರ್ನಾಟಕ ನಂದಿನಿ’ ಮಾಸಪತ್ರಿಕೆ. ಬರೆದವರು, ತಿದ್ದಿದವರು, ಪ್ರಕಟಿಸಿದವರು ಅವರೇ. ಬೀದಿಗೆ ಬರೋದೇ ಕಷ್ಟವಾಗಿದ್ದ ಹೆಣ್ಣು ತನ್ನ ಮಾತನ್ನು ಅಂಚೆಯಲ್ಲಿ ಊರೂರಿಗೆ ಕಳಿಸಿದಳು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರ ‘ಸರಸ್ವತಿ’ ದಶಕಗಳ ಕಾಲ ನಡೆಯಿತು.

ಕಡಲತೀರದ ಅಣ್ಣ ಸುದ್ದಿ ಮೇಲಿನಿಂದ ಕೆಳಗೆ ಬಂತು ಅಂದಿರಿ. ಅಡುಗೆಮನೆಗೆ ಬರೋಕೆ ಇನ್ನೂ ಎಪ್ಪತ್ತು ವರ್ಷ ಹಿಡಿಯಿತು. ಅದನ್ನೂ ಲೆಕ್ಕಕ್ಕೆ ಸೇರಿಸಿ.

---

ಕಡಲತೀರದ ಓದುಗ | ಸಂಜೆ 7:00

ಸೇರಿಸಲೇಬೇಕು ಅಕ್ಕ. ನನ್ನ ಮೊದಲ ಬರಹದ “ಯಾರು ಬೇಕಾದರೂ” ಅನ್ನೋ ಮಾತು ಸರಿಯಿಲ್ಲ. ಒಂದು ದುಡ್ಡು ಕೈಯಲ್ಲಿದ್ದು, ಓದು ಬಂದವರಿಗೆ ಮಾತ್ರ ಅದು ಸಿಗುತ್ತಿತ್ತು. ಅವರು ಎಷ್ಟು ಜನ, ಅವರಲ್ಲಿ ಹೆಂಗಸರು ಎಷ್ಟು ಅಂತ ನಾನು ಯೋಚಿಸಬೇಕಿತ್ತು.

---

ಅಡಿಕೆ ತೋಟ | ರಾತ್ರಿ 8:20

ಎಲ್ಲರಿಗೂ ನಮಸ್ಕಾರ. ಓದುತ್ತಾ ಓದುತ್ತಾ ಒಂದು ವಿಷಯ ನೆನಪಾಯಿತು. ನಮ್ಮ ಮನೆಯ ಅಟ್ಟದಲ್ಲಿ ಅಜ್ಜ ಕಟ್ಟಿಟ್ಟ ಹಳೇ ಪೇಪರಿನ ಗಂಟುಗಳಿವೆ. ಮನೆ ರಿಪೇರಿ ಮಾಡಿಸುತ್ತಿದ್ದೇವೆ, ಭಾನುವಾರ ಗುಜರಿಯವನಿಗೆ ಕೊಡೋದು ಅಂತಿತ್ತು. ಇಟ್ಟುಕೊಂಡರೆ ಏನಾದರೂ ಪ್ರಯೋಜನ ಇದೆಯಾ?

---

ಮೊಳೆ ಮಾಸ್ತರ | ರಾತ್ರಿ 8:31

ದಯವಿಟ್ಟು ಕೊಡಬೇಡಿ. ಬಿಸಿಲಿಗೆ ಹಾಕಬೇಡಿ. ಮಡಿಕೆಯನ್ನು ಒಂದೇ ಸಲಕ್ಕೆ ಬಿಡಿಸಬೇಡಿ, ಕಾಗದ ಅಲ್ಲೇ ಮುರಿಯುತ್ತದೆ. ಅಗಲವಾದ ರಟ್ಟಿನ ಮೇಲೆ ಇಟ್ಟು ನಿಧಾನವಾಗಿ ಬಿಡಿಸಿ. ಟೇಪ್ ಅಂಟಿಸಲೇಬೇಡಿ.

---

ಚಾಮುಂಡಿ ಬೆಟ್ಟದ ಕೆಳಗೆ | ರಾತ್ರಿ 8:40

ಬಿಡಿಸಿದ ಪ್ರತಿ ಪುಟದ ಫೋಟೋ ತೆಗೆಯಿರಿ, ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ಆಮೇಲೆ ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಚಾರಿಸಿ.

---

ಅಡಿಕೆ ತೋಟ | ಜುಲೈ 2, ಬೆಳಿಗ್ಗೆ 9:50

ಬೆಳಿಗ್ಗೆ ಒಂದು ಗಂಟು ಇಳಿಸಿದೆ. ಮೇಲಿನ ಕೆಲವು ಹಾಳೆ ಗೆದ್ದಲು ತಿಂದು ಹೋಗಿವೆ, ಪತ್ರಿಕೆಯ ಹೆಸರು ಇರುವ ಭಾಗವೇ ಇಲ್ಲ. ಮಾಸ್ತರರು ಹೇಳಿದ ಹಾಗೆ ರಟ್ಟಿನ ಮೇಲಿಟ್ಟು ಒಂದು ಹಾಳೆ ಬಿಡಿಸಿದೆ. ಒಳಪುಟದಲ್ಲಿ ಅಡಿಕೆ ಧಾರಣೆಯ ಪಟ್ಟಿ ಇದೆ. ಅದರ ಪಕ್ಕ ಅಂಚಿನಲ್ಲಿ ಅಜ್ಜನ ಪೆನ್ಸಿಲ್ ಬರಹ: “ಸಂತೆಯಲ್ಲಿ ಹೇಳಿದ್ದು ಇದಕ್ಕಿಂತ ಕಡಿಮೆ. ಈ ವಾರ ಕೊಡುವುದಿಲ್ಲ.”

ಗುಜರಿಯವನಿಗೆ ಫೋನ್ ಮಾಡಿ ಬರಬೇಡ ಅಂದಿದ್ದೇನೆ. ಇನ್ನೂ ಹನ್ನೊಂದು ಗಂಟು ಇವೆ. ಒಂದೊಂದೇ ಫೋಟೋ ಇಲ್ಲಿ ಹಾಕುತ್ತೇನೆ.